ಬಾಯ್ ಬಿಟ್ರೆ ಬಂಗುಡೆ ಹೋಯ್ತ್

ಮೈಕಿನ ಗುಂಡಿ ಒತ್ತಿದ ಕೂಡಲೇ ನನಗೆ ಏನಾದರೊಂದು ಆಗಿಯೇ ಆಗುತ್ತದೆ. ಬೇರೆ ಪೈಲಟ್‌ಗಳಿಗೆ ಆಗುವುದಿಲ್ಲವೋ, ಆದರೂ ಅವರು ಹೇಳಿಕೊಳ್ಳುವುದಿಲ್ಲವೋ, ನಾನು ಕಾಣೆ. ಇಷ್ಟು ವರ್ಷ ವಿಮಾನ ಹಾರಿಸಿದ್ದೇನೆ. ದೇವರ ದಯೆ, ಆಕಾಶದಲ್ಲಿ ಒಂದು ದಿನವೂ ನನ್ನ ಮರ್ಯಾದೆ ಹೋಗಿಲ್ಲ. ಹೋದದ್ದೆಲ್ಲ ನೆಲದ ಮೇಲೆ, ಹೊರಡುವ ಮೊದಲು, ಟವರಿನ ಜೊತೆ ಮಾತಾಡುವಾಗ.

ಟವರು ಅಂದರೆ ನಿಲ್ದಾಣದಲ್ಲಿ ಎತ್ತರಕ್ಕೆ ಕಾಣುವ ಗಾಜಿನ ಕೋಣೆ. ಅಲ್ಲಿ ಕೂತವರು ರೇಡಿಯೋದಲ್ಲಿ ಹೂಂ ಅನ್ನದೆ ನಾವು ಇಂಜಿನ್ ಶುರು ಮಾಡುವ ಹಾಗಿಲ್ಲ, ಚಕ್ರ ಉರುಳಿಸುವ ಹಾಗಿಲ್ಲ. ಎಲ್ಲಿದ್ದೇನೆ, ಎಲ್ಲಿಗೆ ಹೋಗುತ್ತೇನೆ, ಎಷ್ಟು ಜನ ಇದ್ದೇವೆ, ಎಲ್ಲವನ್ನೂ ಬಾಯಿ ಬಿಟ್ಟು ಹೇಳಬೇಕು. ನನ್ನ ತೊಂದರೆ ಇರುವುದೇ ಇಲ್ಲಿ. ಬಾಯಿ ಬಿಡಬಾರದು ಅಂತ ಕಲಿಸಿದ ಮನೆಯಲ್ಲಿ ನಾನು ಹುಟ್ಟಿದ್ದು.

ಹದಿನೆಂಟು ಮಾರು ನೀರು

ನಾವು ಬೈಂದೂರಿನ ಹತ್ತಿರ ಕಡಲ ಕರೆಯವರು. ಅಪ್ಪಯ್ಯ ಮೀನು ಹಿಡಿಯುವ ಬೋಟಿನ ತಾಂಡೇಲ. ತಾಂಡೇಲ ಅಂದರೆ ಬೋಟಿನ ಯಜಮಾನಿಕೆ ಅವರದು. ನೀರಿಗಿಳಿದ ಮೇಲೆ ಅವರ ಮಾತಿಗೆ ಎದುರಿಲ್ಲ. ನಮ್ಮ ಕೇರಿಯಲ್ಲಿ ಡಾಕ್ಟರು, ವಕೀಲರು ಯಾರೇ ಬರಲಿ, ತಾಂಡೇಲ ಅನ್ನುವ ಹೆಸರಿಗಿರುವ ತೂಕ ಬೇರೆ. ಸಣ್ಣವನಿದ್ದಾಗಿನಿಂದ ನನಗಿದ್ದದ್ದು ಒಂದೇ ಆಸೆ: ಅಪ್ಪಯ್ಯ ನನ್ನನ್ನು ಒಮ್ಮೆ ಆ ಹೆಸರು ಹಿಡಿದು ಕರೆಯಬೇಕು.

೧೯೯೭ರಲ್ಲಿ ಪಿಯುಸಿ ಪರೀಕ್ಷೆ ಮುಗಿಸಿ ಕೂತಿದ್ದೆ. ಮನೆಯಲ್ಲಿ ಬಿದ್ದುಕೊಂಡು ಗಂಜಿ ಖಾಲಿ ಮಾಡುವುದು ಬೇಡ ಅಂತ ಅಪ್ಪಯ್ಯ ಬೋಟಿಗೆ ಕರೆದುಕೊಂಡು ಹೋದರು. ಎರಡನೇ ದಿನವೇ ಬಲೆಗೆ ಬಂಗುಡೆ ಮೀನು ಬಿತ್ತು. ಬಿತ್ತು ಅಂದರೆ ಹೇಗೆ, ಬಲೆ ಎಳೆಯಲು ಅಪ್ಪಯ್ಯನೂ ಕೈ ಹಾಕಬೇಕಾಯಿತು. ಅಷ್ಟು ಹೊತ್ತಿಗೆ ವೈರ್‌ಲೆಸ್ ಕೂಗಿತು. ಅಪ್ಪಯ್ಯ ಅಲ್ಲಿಂದಲೇ, "ಅದ್ ಎಂತ ಕಾಣ್ ಮಗ" ಅಂದರು.

ನಾನು ಓದಿದ ಹುಡುಗ. ಮೈಕು ಹಿಡಿದೆ. ಆ ಕಡೆಯಿಂದ ಬೇರೆ ಬೋಟಿನವರು, "ಹ್ವಾಯ್, ಎಲ್ಲಿದ್ರಿ? ಮೀನ್ ಇತ್ತಾ?" ಅಂತ ಕೇಳಿದರು.

"ಇತ್ತ್, ಇತ್ತ್! ರಾಶಿ ಬಂಗುಡೆ! ಹದಿನೆಂಟ್ ಮಾರ್ ನೀರ್, ಬಂದರದಿಂದ ಸಮ ಪಡುವಣಕ್ಕೆ" ಅಂತ ಆಳ, ದಿಕ್ಕು ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅಷ್ಟಕ್ಕೇ ನಿಲ್ಲಿಸಿದೆನೇ? "ನಿಮ್ಗೆ ಗುರ್ತ ಸಿಕ್ಕದಿದ್ರೆ ಇನ್ನೊಂದ್ ಸಲ ಕೇಣಿ, ಹೇಳ್ತೆ" ಅಂದೆ.

ತಿರುಗಿ ನೋಡಿದರೆ ಬಲೆ ಎಳೆಯುತ್ತಿದ್ದವರ ಕೈಗಳೆಲ್ಲ ನಿಂತಿದ್ದವು. ವೈರ್‌ಲೆಸ್‌ನಲ್ಲಿ ಯಾರಾದರೂ ಹಾಗೆ ಕೇಳಿದರೆ "ಎಂತದೂ ಇಲ್ಲೆ, ವಾಪಾಸ್ ಬಪ್ಪುದೇ" ಅನ್ನುವುದು ಕಡಲಿನ ಕ್ರಮ. ಕೇಳುವವರಿಗೂ ಅದು ಸುಳ್ಳು ಅಂತ ಗೊತ್ತು, ಹೇಳುವವರಿಗೂ ಗೊತ್ತು. ಗೊತ್ತಿಲ್ಲದೇ ಇದ್ದದ್ದು ನನಗೊಬ್ಬನಿಗೆ. ಸ್ವಲ್ಪ ಹೊತ್ತಿನಲ್ಲಿ ನಮ್ಮ ಸುತ್ತ ಒಂಬತ್ತು ಬೋಟು ಬಂದು ನಿಂತವು. ಒಬ್ಬರಂತೂ ನನಗೆ ಕೈ ಬೀಸಿ ನಮಸ್ಕಾರ ಮಾಡಿದರು.

ದಡ ಕಾಣುವಾಗ ಅಪ್ಪಯ್ಯ ಬೀಡಿ ಹಚ್ಚಿ ಹೇಳಿದರು. "ಬಾಯ್ ಬಿಟ್ರೆ ಬಂಗುಡೆ ಹೋಯ್ತ್, ಅದನ್ನ್ ನೆನಪ್ ಇಟ್ಕೋ. ನೀನ್ ತಾಂಡೇಲ ಆಪ್ ಜನ ಅಲ್ಲ. ಸತ್ಯ ಹೇಳಿದ್ರೆ ಸಂಬಳ ಕೊಡು ಕೆಲ್ಸ ಎಲ್ಲಾದ್ರೂ ಇದ್ರೆ ಹುಡ್ಕ್."

ಹುಡುಕಿದೆ. ಸಿಕ್ಕಿತು.

ಅಣಕಿಸುವ ಮಗ

ಮುಂಬೈಯಲ್ಲಿ ಕ್ಯಾಂಟೀನ್ ಇಟ್ಟಿದ್ದ ಸೋದರಮಾವ ಹೇಗೋ ಮಾಡಿ ನನ್ನನ್ನು ವಿಮಾನ ಕಲಿಸುವ ಶಾಲೆಗೆ ಸೇರಿಸಿದರು. ಕಡಲೇ ಕಾಣದ ಊರು. ಅಲ್ಲಿನ ಗುರುಗಳು ಸೈನ್ಯದಲ್ಲಿ ಇದ್ದು ಬಂದವರು, ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಸ್ವರ.

ಮೊದಲ ದಿನ ಟವರಿನವರು ಏನೋ ಹೇಳಿ, "ಕೇಳಿಸಿತೇ?" ಅಂತ ಕೇಳಿದರು. ನಾನು ಭಕ್ತಿಯಿಂದ ತಲೆಯಾಡಿಸಿದೆ. ಅವರು ಮತ್ತೆ ಕೇಳಿದರು. ನಾನು ಇನ್ನೂ ಜೋರಾಗಿ ತಲೆಯಾಡಿಸಿದೆ. ಮೂರನೆಯ ಸಲ ಪಕ್ಕದಲ್ಲಿದ್ದ ಗುರುಗಳು, "ಅವರು ಒಂದು ಮೈಲಿ ದೂರ ಇದ್ದಾರೆ. ನಿನ್ನ ಕುತ್ತಿಗೆ ಅಷ್ಟು ದೊಡ್ಡದಿಲ್ಲ" ಅಂದರು.

ಆಮೇಲೆ ನಿಯಮ ಹೇಳಿಕೊಟ್ಟರು. ಟವರು ಹೇಳಿದ ಮುಖ್ಯ ಮಾತನ್ನು ಹಾಗೆಯೇ ತಿರುಗಿ ಹೇಳಬೇಕು. ಸರಿಯಾಗಿ ಕೇಳಿಸಿದೆ ಅಂತ ಅವರಿಗೆ ಗೊತ್ತಾಗುವುದು ಹಾಗೆ. ನಾನು ತಿರುಗಿ ಹೇಳುವುದನ್ನು ಎಷ್ಟು ಅಭ್ಯಾಸ ಮಾಡಿದೆ ಅಂದರೆ ರಜೆಗೆ ಊರಿಗೆ ಬಂದಾಗಲೂ ನಾಲಗೆ ನಿಲ್ಲಲಿಲ್ಲ.

ಅಮ್ಮ ಸವೆದ ಪೊರಕೆಯಲ್ಲಿ ಅಂಗಳ ಗುಡಿಸುತ್ತ, "ತಲ್ಲೂರ್ ಅತ್ತೆ ಮನಿಗ್ ಹೋಗ್. ಈ ಹಪ್ಪಳ ಕೊಡ್. ಬಪ್ಪತಿಗೆ ಒಂದ್ ಹೊಸ ಹಿಡಿಸೂಡಿ ತಾ" ಅಂದರು.

ನಾನು ಬೆನ್ನು ನೆಟ್ಟಗೆ ಮಾಡಿ, ಸ್ವರ ದಪ್ಪ ಮಾಡಿ, "ತಲ್ಲೂರ್ ಅತ್ತೆ ಮನಿಗ್ ಹೋಪುದ್. ಈ ಹಪ್ಪಳ ಕೊಡುದ್. ಬಪ್ಪತಿಗೆ ಒಂದ್ ಹೊಸ ಹಿಡಿಸೂಡಿ ತಪ್ಪುದ್" ಅಂದೆ.

ಅಮ್ಮ ಗುಡಿಸುವುದು ನಿಲ್ಲಿಸಿದರು. "ಎಂತ, ಅಮ್ಮನ್ನ್ ಅಣಕ್ಸ್ತ್ಯಾ?"

"ಅಣಕ್ಸುದಲ್ಲ ಅಮ್ಮ. ನಿಮ್ ಮಾತ್ ಸರಿ ಕೇಂಡಿತ್ ಅಂದೇಳಿ ತೋರ್ಸುದ್. ಇಷ್ಟ್ ತಿಂಗ್ಳ್ ಅದನ್ನೇ ಕಲ್ತದ್ದ್."

ಜಗಲಿಯಲ್ಲಿ ಬಲೆ ಹೊಲಿಯುತ್ತಿದ್ದ ಅಪ್ಪಯ್ಯ ತಲೆ ಎತ್ತದೆ, "ಇಂವ ಕಲ್ತದ್ದ್ ವಿಮಾನವಾ, ಗಿಣಿಶಾಸ್ತ್ರವಾ?" ಅಂದರು. ಅಮ್ಮ ಹಳೆಯ ಹಿಡಿಸೂಡಿಯಲ್ಲಿ ಎರಡು ಕೊಟ್ಟರು. ಅಮ್ಮ ಹೇಳಿದ್ದನ್ನೆಲ್ಲ ತಿರುಗಿ ಹೇಳಿದ ನಾನು, ಕೊಟ್ಟದ್ದನ್ನು ಮಾತ್ರ ತಿರುಗಿ ಕೊಡಲಿಲ್ಲ.

ಹೊರಟವರನ್ನು ಕೇಳಬಾರದು

ಇದನ್ನು ಹೇಳಲು ನನಗೆ ಈಗಲೂ ನಾಚಿಕೆ.

ನಮ್ಮಲ್ಲಿ ಹೊರಟವರನ್ನು "ಎಲ್ಲಿಗೆ?" ಅಂತ ಕೇಳುವುದಿಲ್ಲ. ಬೋಟಿಗೆ ಹೊರಟವರನ್ನಂತೂ ಕೇಳಲೇಬಾರದು. ಗೊತ್ತಿಲ್ಲದವರು ಯಾರಾದರೂ ಕೇಳಿಬಿಟ್ಟರೆ, ಹೊರಟವರು ಒಳಗೆ ಬಂದು, ಒಂದು ಗಳಿಗೆ ಕೂತು, ಒಂದು ಲೋಟ ನೀರು ಕುಡಿದು ಮತ್ತೆ ಹೊರಡಬೇಕು. ನಮ್ಮ ಅಜ್ಜಿ ಈ ವಿಷಯದಲ್ಲಿ ಎಷ್ಟು ಬಿಗಿ ಅಂದರೆ, ಶಾಲೆಗೆ ಹೊರಟ ನನ್ನನ್ನು ಪಕ್ಕದ ಮನೆಯವರು ಕೇಳಿದಾಗಲೂ ವಾಪಸು ಕರೆದು ನೀರು ಕುಡಿಸಿದ್ದಾರೆ. ಶಾಲೆಗೆ ಹೋಗಲು ಮನಸ್ಸಿಲ್ಲದ ದಿನ ನಾನೇ ಪಕ್ಕದ ಮನೆಯವರ ಎದುರು ಸುಳಿದಾಡಿ ಕೇಳಿಸಿಕೊಂಡದ್ದೂ ಉಂಟು.

ಕಲಿಕೆಯ ಮೊದಲ ತಿಂಗಳುಗಳಲ್ಲಿ ನಿಲ್ದಾಣದ ಸುತ್ತಲೇ ಹಾರಾಟ, ಹಾಗಾಗಿ ಎಲ್ಲಿಗೆ ಅಂತ ಯಾರೂ ಕೇಳುತ್ತಿರಲಿಲ್ಲ. ಆಮೇಲೆ ಒಬ್ಬನೇ ಬೇರೆ ಊರಿಗೆ ಹೋಗಿ ಬರುವ ದಿನ ಬಂತು. ಪಕ್ಕದ ಸೀಟು ಖಾಲಿ. ಇಂಜಿನ್ ಶುರು ಮಾಡಿ, ಮನಸ್ಸಿನಲ್ಲೇ ದೇವರಿಗೆ ಕೈಮುಗಿದು, ನಿಂತ ಜಾಗದಿಂದ ಹತ್ತು ಮಾರು ಮುಂದೆ ಬಂದಿದ್ದೆ. ಟವರಿನಿಂದ ಸ್ವರ ಬಂತು: ಎಲ್ಲಿಗೆ ಹೋಗುವುದು, ಹೇಳಿ.

ಆ ಊರಿನ ಹೆಸರು ನಾಲಗೆಯ ತುದಿಗೆ ಬಂತು, ಹೊರಗೆ ಬರಲಿಲ್ಲ. ಅಜ್ಜಿ ಪಕ್ಕದ ಸೀಟಿನಲ್ಲೇ ಕೂತ ಹಾಗಾಯಿತು.

"ಸ್ವಲ್ಪ ಇರಿ" ಅಂದೆ. ವಾಪಸು ಹೋಗಲು ಅನುಮತಿ ಕೇಳಿದೆ, ಕೊಟ್ಟರು. ವಿಮಾನ ತಿರುಗಿಸಿದೆ. ಮೊದಲಿನ ಜಾಗಕ್ಕೆ ಬಂದು ಇಂಜಿನ್ ನಿಲ್ಲಿಸಿದೆ. ಇಳಿದೆ. ಶೆಡ್ಡಿನ ಮೂಲೆಯ ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿ, ಬೆಂಚಿನ ಮೇಲೆ ಕೂತು, ನಿಧಾನ ಕುಡಿದೆ. ಮತ್ತೆ ಹೋಗಿ ವಿಮಾನ ಹತ್ತಿದೆ.

ಈ ಸಲ ಟವರಿಗೆ ಕೇಳಲು ಬಿಡಲಿಲ್ಲ. ಮೈಕು ಒತ್ತಿದವನೇ ಊರಿನ ಹೆಸರು ನಾನೇ ಹೇಳಿಬಿಟ್ಟೆ. ನಾವಾಗಿ ಹೇಳಿದರೆ ದೋಷವಿಲ್ಲ.

ಹೋಗಿ, ಕ್ಷೇಮವಾಗಿ ಬಂದೆ. ಗುರುಗಳು ಮೀಸೆ ತಿರುವುತ್ತ ಕಾಯುತ್ತಿದ್ದರು. "ವಿಮಾನಕ್ಕೆ ಏನಾಗಿತ್ತು?"

"ವಿಮಾನಕ್ಕೆ ಏನೂ ಆಗಿರಲಿಲ್ಲ ಸರ್. ಬಾಯಾರಿಕೆ."

"ಹತ್ತು ಗಜ ಹೋಗುವಷ್ಟರಲ್ಲಿ?"

ಒಂದು ವಾರ ಶಾಲೆಯ ಎಲ್ಲರೂ ನನ್ನನ್ನು ಕಂಡ ಕೂಡಲೇ ನೀರಿನ ಲೋಟ ಮುಂದೆ ಹಿಡಿಯುತ್ತಿದ್ದರು. ಆ ಭಾನುವಾರ ಮನೆಗೆ ಫೋನ್ ಮಾಡಿದಾಗ ಅಪ್ಪಯ್ಯನಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು, "ಕೂತ್ಕಂಡೇ ಕುಡ್ದೆಯಲೆ? ಹಾಂಗಾರೆ ಅಡ್ಡಿಲ್ಲೆ" ಅಂದರು. ನನ್ನ ವಿಮಾನದ ವಿದ್ಯೆಯಲ್ಲಿ ಅವರು ಮೆಚ್ಚಿದ್ದು ಅದೊಂದೇ.

ಬ್ರಹ್ಮಾವರದ ಮಂಟಪ

ಹೆಣ್ಣು ಬ್ರಹ್ಮಾವರದ ಕಡೆಯವಳು, ಮದುವೆಯೂ ಅಲ್ಲೇ. ಹಿಂದಿನ ದಿನದವರೆಗೂ ರಜೆ ಸಿಗದೆ, ಮೂರು ದಿನ ಬಿಡದೆ ಹಾರಾಟ ಮಾಡಿ, ಕಿವಿಯಲ್ಲಿ ಟವರಿನ ಸ್ವರ ಹಾಗೆಯೇ ಇಟ್ಟುಕೊಂಡು ಬಂದು ಹಸೆಮಣೆ ಮೇಲೆ ಕೂತಿದ್ದೆ. ಪುರೋಹಿತರು "ನಾನು ಹೇಳಿದ್ದನ್ನು ಹೇಳಿ" ಅಂದರು. ಇದು ನನ್ನ ಕೆಲಸ! ಮಂತ್ರವನ್ನು ಒಂದಕ್ಷರ ತಪ್ಪದೆ ತಿರುಗಿ ಹೇಳಿದೆ. ಪುರೋಹಿತರ ಮುಖ ಅರಳಿತು. "ಬಲಗೈಲಿ ಅಕ್ಷತೆ ತಗೊಳ್ಳಿ" ಅಂದರು. "ಬಲಗೈಲಿ ಅಕ್ಷತೆ ತಗೊಳ್ಳಿ" ಅಂದೆ. ಅವರು ತಿರುಗಿ ನನ್ನ ಭಾವನ ಹತ್ತಿರ, "ಆ ಫ್ಯಾನ್ ಈಚೆ ತಿರ್ಗ್ಸಿ ಮರ್ರೆ, ಬೆಂದ್ಹೋಯ್ತ್" ಅಂದರು. ನಾನು ಅದನ್ನೂ ಗಂಭೀರವಾಗಿ ಹೇಳಿದೆ.

ಹೆಂಡತಿ ತಲೆ ತಗ್ಗಿಸಿ ಕೂತಿದ್ದಳು, ಹೆಗಲು ಮಾತ್ರ ಕುಲುಕುತ್ತಿತ್ತು. ಅಳುತ್ತಿದ್ದಾಳೆ ಅಂತ ಅವಳ ಅಮ್ಮ ಕಣ್ಣೊರೆಸಿಕೊಂಡರು. ಇವತ್ತಿಗೂ ನಮ್ಮ ಮನೆಯಲ್ಲಿ ಸೆಕೆಯಾದರೆ ನನ್ನ ಹೆಂಡತಿ ಫ್ಯಾನ್ ಹಾಕಲು ನನಗೆ ಹೇಳುವುದಿಲ್ಲ. ಮಂತ್ರ ಶುರು ಮಾಡಿ ಅನ್ನುತ್ತಾಳೆ.

ಒಂದು ಸೀಟಿ

ಅಷ್ಟು ಹೊತ್ತಿಗೆ ನಾನು ಒಂದು ಸಣ್ಣ ಕಂಪನಿಯ ಎಂಟು ಸೀಟಿನ ವಿಮಾನಕ್ಕೆ ಕ್ಯಾಪ್ಟನ್ ಆಗಿದ್ದೆ. ಭುಜದ ಮೇಲೆ ನಾಲ್ಕು ಪಟ್ಟಿ. ಊರಿಗೆ ಬಂದಾಗ ಅಪ್ಪಯ್ಯನ ಜೊತೆ ಹಾಲಾಡಿಗೆ ಹೋಗಿ ಚಾ ಕುಡಿಯಲು ಕೂತಿದ್ದೆವು. ಪರಿಚಯದ ಹಿರಿಯರೊಬ್ಬರು, "ನಿಮ್ ಮಗ ಈಗ ವಿಮಾನದ ತಾಂಡೇಲ ಅಂಬ್ರಲೆ!" ಅಂದರು.

ನನ್ನ ಕಿವಿ ನೆಟ್ಟಗಾಯಿತು. ಅಪ್ಪಯ್ಯ ಬಸಿಗೆ ಹೊಯ್ದ ಚಾ ಊದಿ ಕುಡಿದರು.

"ತಾಂಡೇಲ ಅಲ್ಲ. ಡ್ರೈವರ್" ಅಂದರು. "ಇಂಜಿನ್ ಶುರು ಮಾಡುಕೂ ಮೇಲಿದ್ದರ್ ಹತ್ರ ಕೇಣ್ಕ್. ಹಿಂದೆ ಬಪ್ಪುಕೂ ಕೇಣ್ಕ್, ಮುಂದೆ ಹೋಪುಕೂ ಕೇಣ್ಕ್. ಅವ್ರ್ ನಿಲ್ಲ್ ಅಂದ್ರೆ ನಿಂತ್ಕಣ್ಕ್. ತಾಂಡೇಲ ಆದಂವ ಯಾರ್ ಹತ್ರ ಕೇಂತ?"

"ಹಾಂಗಾರೆ ಬಸ್ಸಿನ್ ಡ್ರೈವರ್ ಇದ್ದಾಂಗೆ ಅನ್ನಿ. ಅವ್ನಿಗೂ ಕಂಡಕ್ಟರ್ ಸೀಟಿ ಹೊಡಿಯದೆ ಹೋಪುಕಿಲ್ಲೆ."

"ಹ್ವಾಯ್, ಬಸ್ಸಿನಂವ ಒಳ್ಳೆದ್. ಅವ್ನಿಗೆ ಒಂದ್ ಸೀಟಿ ಸಾಕ್."

ಹೊರಗೆ ಸರ್ಕಲಿನಲ್ಲಿ ಬಸ್ಸೊಂದು ಅದೇ ಒಂದು ಸೀಟಿಗೆ ಹೊರಟು ಹೋಯಿತು. ಡ್ರೈವರ್ ಕನ್ನಡಿ ಕೂಡ ನೋಡಲಿಲ್ಲ. ನಾಲ್ಕು ಪಟ್ಟಿಯ ನಾನು ಬನ್ಸ್ ತಿಂದು ಮುಗಿಸಿದೆ. ಹೊಟ್ಟೆಕಿಚ್ಚು ಆಯಿತು ಅಂದರೆ ಸುಳ್ಳಲ್ಲ, ಬಸ್ಸಿನ ಡ್ರೈವರ್ ಮೇಲೆ.

ಮೈಕು ಯಾರ ಕೈಯಲ್ಲಿ

ಎರಡು ಸಾವಿರದ ಹತ್ತರ ಆಸುಪಾಸು. ಅಪ್ಪಯ್ಯ ಬೋಟು ಬಿಟ್ಟು ಮನೆಯಲ್ಲಿದ್ದರು. ನಮ್ಮ ಕಡೆಯ ನಿಲ್ದಾಣವೊಂದಕ್ಕೆ ಒಬ್ಬ ಗಿರಾಕಿಯನ್ನು ತಂದು ಬಿಟ್ಟು ಖಾಲಿ ವಿಮಾನ ಹೈದರಾಬಾದಿಗೆ ವಾಪಸು ಒಯ್ಯುವುದಿತ್ತು. ಕಂಪನಿಯ ಯಜಮಾನರು, "ಸೀಟು ಖಾಲಿ ಇದೆಯಲ್ಲ, ಅಪ್ಪನನ್ನು ಕರೆದುಕೊಂಡು ಬನ್ನಿ" ಅಂದರು.

ಹೆಚ್ಚು ಒತ್ತಾಯ ಮಾಡದೆ ಅಪ್ಪಯ್ಯ ಒಪ್ಪಿದ್ದೇ ಆಶ್ಚರ್ಯ. ಬಿಳಿ ಪಂಚೆ, ಬಿಳಿ ಅಂಗಿ, ಕೈಯಲ್ಲಿ ಒಂದು ತೆಂಗಿನಕಾಯಿ. ಬೋಟು ಹೊರಡುವಾಗ ಮೂತಿಗೆ ಒಡೆಯುವ ಹಾಗೆ ವಿಮಾನದ ಮೂತಿಗೂ ಒಡೆಯಬೇಕು ಅಂತ ತಂದದ್ದು. ತಪಾಸಣೆಯವರು ಕಾಯಿ ಇಟ್ಟುಕೊಂಡರು. "ಕಾಯಿ ಒಡಿಯದೆ ಹೊರಡುದಾ?" ಅಂತ ಮುಖ ಸಣ್ಣ ಮಾಡಿಕೊಂಡೇ ವಿಮಾನ ಹತ್ತಿದರು.

ಸಣ್ಣ ವಿಮಾನ. ನಮಗೂ ಹಿಂದಿನ ಸೀಟಿಗೂ ನಡುವೆ ಒಂದು ಪರದೆ, ಅಷ್ಟೆ. ನನ್ನ ಜೊತೆಯ ಪೈಲಟ್ ಉತ್ತರದ ಕಡೆಯವರು, ಬಹಳ ಮರ್ಯಾದಸ್ಥರು. ಪರದೆ ಸರಿಸಿ, ಅಪ್ಪಯ್ಯನನ್ನು ನಮ್ಮ ಬೆನ್ನ ಹಿಂದೆಯೇ ಕೂರಿಸಿ, ಕಿವಿಗೊಂದು ಹೆಡ್‌ಫೋನ್ ಹಾಕಿ, "ಬಾಬೂಜಿ, ಬೇಟಾ ಹೇಗೆ ಮಾತಾಡುತ್ತಾರೆ ಕೇಳಿ" ಅಂದರು.

ಹದಿಮೂರು ವರ್ಷದ ಹಿಂದೆ ಬಂಗುಡೆ ಕಳೆದವನು ಇವತ್ತು ಅದೇ ಅಪ್ಪಯ್ಯನ ಎದುರು ಮೈಕು ಹಿಡಿಯಬೇಕು. ಇವತ್ತಾದರೂ ಒಂದು ತಪ್ಪಿಲ್ಲದೆ ಮಾತಾಡಿ, ಡ್ರೈವರ್ ಅನ್ನುವ ಹೆಸರು ಕಳೆದುಕೊಳ್ಳಬೇಕು ಅಂತ ಹಟ. ಇಂಜಿನ್ ಶುರು ಮಾಡಲು ಅನುಮತಿ ಕೇಳಿದೆ. ಟವರಿನವರು ಒಂದು ದೊಡ್ಡ ವಿಮಾನ ಇಳಿಯುವುದಿದೆ, ಹತ್ತು ನಿಮಿಷ ಕಾಯಿರಿ ಅಂದರು. ಹತ್ತು ನಿಮಿಷ ಕಾಯುತ್ತೇವೆ ಅಂತ ತಿರುಗಿ ಹೇಳಿದೆ.

"ಕಾಣ್, ನಿಲ್ಲ್ಸಿದ್ರ್" ಅಂತ ಬೆನ್ನ ಹಿಂದಿನಿಂದ ಬಂತು.

ಇನ್ನೂ ಹೊತ್ತಿದೆಯಲ್ಲ ಅಂತ ಜೊತೆಯ ಪೈಲಟ್ ಕೆಳಗಿಳಿದು ಚಕ್ರ ನೋಡಲು ಹೋದರು. ನಿಲ್ದಾಣದ ಕೆಲಸದವರೊಬ್ಬರು ಸಹಿ ಹಾಕಿಸಲು ಬಾಗಿಲ ಹತ್ತಿರ ಕಾಗದ ತಂದರು. ನಾನು ಹೆಡ್‌ಫೋನ್ ತೆಗೆದಿಟ್ಟು ಬಾಗಿಲಿಗೆ ಹೋದೆ. ಎರಡೇ ಹೆಜ್ಜೆ ದೂರ. ಟವರಿನ ಮಾತು ಕೇಳುವ ಹಾಗೆ ಸ್ಪೀಕರ್ ತೆರೆದಿಟ್ಟಿದ್ದೆ. ಸೀಟಿನ ಬದಿಯಲ್ಲಿ ಕೈಯಲ್ಲಿ ಹಿಡಿಯುವ ಮೈಕೊಂದು ನೇತಾಡುತ್ತಿತ್ತು, ಅದು ನನ್ನ ತಲೆಗೇ ಬರಲಿಲ್ಲ. ಥೇಟ್ ಬೋಟಿನಲ್ಲಿ ಇರುವಂಥದ್ದೇ.

ಸಹಿ ಅರ್ಧ ಆಗಿತ್ತು. ಸ್ಪೀಕರಿನಲ್ಲಿ ಟವರಿನ ಸ್ವರ ಬಂತು, ಇಂಗ್ಲಿಷಿನಲ್ಲಿ: ಹೈದರಾಬಾದಿಗೆ ಹೋಗುವುದು ಅಲ್ಲವೇ, ಖಚಿತಪಡಿಸಿ.

ಅಪ್ಪಯ್ಯನಿಗೆ ಇಂಗ್ಲಿಷ್ ಬಾರದು. ಆದರೆ ಹೈದರಾಬಾದ್ ಅನ್ನುವುದಕ್ಕೆ ಇಂಗ್ಲಿಷ್ ಯಾಕೆ ಬೇಕು? ಹೊರಟವರನ್ನು ಎಲ್ಲಿಗೆ ಅಂತ ಕೇಳಿದರು, ಅದೂ ಊರಿನ ಹೆಸರು ಹಿಡಿದು, ಅದೂ ವೈರ್‌ಲೆಸ್‌ನಲ್ಲಿ, ಅದೂ ಕಾಯಿ ಒಡೆಯದ ದಿನ. ಜೀವಮಾನವಿಡೀ ರೂಢಿಯಾದ ಕೈ ತಾನಾಗಿ ಮೈಕಿಗೆ ಹೋಯಿತು.

"ಹ್ವಾಯ್, ಎಲ್ಲಿಗೂ ಇಲ್ಲೆ ಮರ್ರೆ! ಹತ್ರವೇ ಸುಮ್ನೆ ಒಂದ್ ಸುತ್ತ್ ಹಾಯ್ಕಂಡ್ ಬಪ್ಪುದ್. ಮೀನೂ ಇಲ್ಲೆ, ಎಂತದೂ ಇಲ್ಲೆ!"

ನನ್ನ ಕೈಯಿಂದ ಪೆನ್ನು ಬಿತ್ತು. ಆ ಹೊತ್ತಿಗೆ ರೇಡಿಯೋ ಕೇಳುತ್ತಿದ್ದ ಎಲ್ಲ ವಿಮಾನಗಳಿಗೂ ಅದು ಕೇಳಿಸಿತು. ನನ್ನ ಲೈಸೆನ್ಸು ರೆಕ್ಕೆ ಕಟ್ಟಿಕೊಂಡು ಹಾರಿ ಹೋಗುವುದು ಕಣ್ಣಿಗೇ ಕಂಡಿತು. ಓಡಿ ಬಂದೆ. ನಾನು ಕೈ ಚಾಚುವಷ್ಟರಲ್ಲಿ ಟವರಿನಿಂದ ಮತ್ತೆ ಸ್ವರ ಬಂತು, ಈ ಸಲ ಕನ್ನಡದಲ್ಲಿ, ಬಹಳ ಗಟ್ಟಿಯಾಗಿ: "ಈಗ ಮಾತಾಡಿದ್ದು ಯಾರು?"

ಅಪ್ಪಯ್ಯ ನನ್ನ ಮುಖ ನೋಡಿದರು. ನನ್ನ ಬಣ್ಣ ಹೋದದ್ದು ಅವರಿಗೆ ಕಂಡಿರಬೇಕು. ತಪ್ಪಾಯಿತು ಅಂತ ಗೊತ್ತಾಯಿತೋ ಏನೋ, ಬೆನ್ನು ನೆಟ್ಟಗೆ ಮಾಡಿ ಕೂತರು. ಅವರು ವೈರ್‌ಲೆಸ್‌ನಲ್ಲಿ ಸತ್ಯ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ನಾನಾ? ನಾನ್ ತಾಂಡೇಲನ ಅಪ್ಪಯ್ಯ."

ಟವರಿನಲ್ಲಿ ಯಾರೋ ಕೆಮ್ಮಿದರು. ಕೆಮ್ಮೋ ನಗೆಯೋ. ಆಮೇಲೆ ಮೆತ್ತಗೆ, "ನಮಸ್ಕಾರ ಅಪ್ಪಯ್ಯ. ಈಗ ಮೈಕು ತಾಂಡೇಲರಿಗೆ ಕೊಡಿ. ಅವರ ಹತ್ತಿರ ಆಮೇಲೆ ಒಂದು ವಿವರಣೆ ಬರೆಸಿಕೊಳ್ಳುವುದು ಇದೆ" ಅಂದರು.

ಅಪ್ಪಯ್ಯ ಮೈಕು ನನ್ನ ಕೈಗಿಟ್ಟರು. ನಾನು ಕೂತೆ. ಜೊತೆಯ ಪೈಲಟ್ ಇನ್ನೂ ಕೆಳಗೇ ಇದ್ದರು. ಟವರು ಇಂಜಿನ್ ಶುರು ಮಾಡಲು ಅನುಮತಿ ಕೊಟ್ಟಿತು. ತಿರುಗಿ ಹೇಳಬೇಕು, ಅದೇ ನನ್ನ ವಿದ್ಯೆ, ಮಂಟಪದಲ್ಲೂ ಬಿಡದ ವಿದ್ಯೆ. ಕಿವಿಯಲ್ಲಿ ಮಾತ್ರ ತಾಂಡೇಲ ಅನ್ನುವ ಆ ಹೆಸರೇ ಇತ್ತು. ಕಣ್ಣು ಮಂಜಾಗಿತ್ತು. ಟವರು ಎರಡನೆಯ ಸಲ ಕರೆಯಿತು. ನಾನು ತಲೆಯಾಡಿಸಿದೆ. ಮೂರನೆಯ ಸಲ ಕರೆಯಿತು. ಮತ್ತೂ ಜೋರಾಗಿ ತಲೆಯಾಡಿಸಿದೆ.

ಬೆನ್ನ ಹಿಂದಿನಿಂದ ಅಪ್ಪಯ್ಯ ನನ್ನ ಹೆಗಲಿಗೆ ಒಂದು ತಟ್ಟಿದರು.

"ಎಂತ ಮಾರಾಯ, ಅವ್ರ್ ಆಗ್ಳಿಂದ ಕೇಂತಾ ಇದ್ರ್. ಬಾಯ್ ಬಿಡ್!"